ಹಿಂದಿನ ಕ್ಯಾಮೆರಾದ ತಂತಿ

ಚಿಕ್ಲಾಯೊ, ಗುರುವಾರ

ಸಂಚಾರ ಠಾಣೆಯ ಅಧಿಕಾರಿಗಳಿಗೆ ನಮಸ್ಕಾರ.

ಎಲೆಯುತೇರಿಯೊ ಚಫ್ಲೋಕೆ ಅವರ ಟ್ಯಾಕ್ಸಿಗೆ ಹಿಂದಿನ ಕ್ಯಾಮೆರಾ ಕೂರಿಸಿದವಳು ನಾನು. ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಮಾರುಕಟ್ಟೆಯ ಬಳಿ ಮೂರು ಗಾಲಿಯ ಮೋಟೊಟ್ಯಾಕ್ಸಿಯೊಂದು ಅವರ ಕಾರಿಗೆ ಹಿಂದಿನಿಂದ ಗುದ್ದಿತು. ಕಾರೇ ರಿವರ್ಸ್ ಬಂದು ಗುದ್ದಿತು ಎಂದು ಮೋಟೊಟ್ಯಾಕ್ಸಿಯ ಚಾಲಕ ಹೇಳುತ್ತಿದ್ದಾನೆ. ಕ್ಯಾಮೆರಾದಲ್ಲಿ ಆ ಹೊತ್ತಿನ ದೃಶ್ಯ ಇಲ್ಲದ್ದರಿಂದ, ಚಫ್ಲೋಕೆಯವರೇ ಅಳಿಸಿದ್ದಾರೆಂದು ನಿಮಗೆ ಅನುಮಾನ. ಅವರ ಲೈಸೆನ್ಸ್ ಹೋಗುವುದರಲ್ಲಿದೆ.

ಅವರು ಅಳಿಸಿಲ್ಲ. ಕಾರು ಚಾಲೂ ಆದೊಡನೆ ಕರೆಂಟು ಬರುವ ತಂತಿಗೆ ಜೋಡಿಸುವ ಬದಲು, ನಾನು ಅವಸರದಲ್ಲಿ ಕ್ಯಾಮೆರಾವನ್ನು ರಿವರ್ಸ್ ದೀಪದ ತಂತಿಗೆ ಜೋಡಿಸಿಬಿಟ್ಟೆ. ರಿವರ್ಸ್ ಹಾಕಿದಾಗ ಮಾತ್ರ ಅದು ಚಿತ್ರ ತೆಗೆಯುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡಿನ ತುಂಬ ಇರುವುದು, ಬೆಳಗ್ಗೆ ಕಾರನ್ನು ಮನೆಯಿಂದ ಹೊರತೆಗೆಯುವಾಗ ಅವರ ಹೆಂಡತಿ ಬೀದಿಯಲ್ಲಿ ನಿಂತು, "ಬನ್ನಿ, ಬನ್ನಿ... ಅಯ್ಯೋ, ಕಣ್ಣು ಮನೇಲೇ ಬಿಟ್ರಾ? ಹಿಂದೆ ಕೋಳಿ ಇದೆ!" ಎಂದು ಕೂಗುವುದೊಂದೇ. ಕೊನೆಯದು ಮಂಗಳವಾರ ಏಳು ಗಂಟೆಯದು. ಹತ್ತು ಗಂಟೆಯದು ಇಲ್ಲ, ಏಕೆಂದರೆ ಆಗ ಅವರು ರಿವರ್ಸ್ ಹಾಕಿಯೇ ಇರಲಿಲ್ಲ.

"ಸುಮ್ನಿರೇ, ಅಂಗಡಿ ಹೆಸರು ಕೆಡಿಸ್ಬೇಡ" ಎಂದರು ನಾನು ಕೆಲಸ ಮಾಡುವ ಅಂಗಡಿಯ ಯಜಮಾನರು. ಸುಮ್ಮನಿರಲು ಬಾರದೆಯೇ ನಾನು ಶಾಲೆ ಬಿಟ್ಟದ್ದು.

ದಯವಿಟ್ಟು ನೀವೇ ಆ ಕಾರನ್ನು ರಿವರ್ಸ್‌ಗೆ ಹಾಕಿ ನೋಡಿ. ನೀವು ನೋಡುವ ತನಕ ನನ್ನ ತಪ್ಪನ್ನು ನಾನು ಸರಿಪಡಿಸುವುದಿಲ್ಲ.

ಇತಿ,
ನೆರೈದಾ ಪುಯ್ಕೋನ್