ನಿಮ್ಮ ಪಾಲಿನ ಶಿರಾ

ರೀ,

ದ್ರಾಕ್ಷಿ ಕೊಯ್ಲಿನ ದಿನಗಳು, ನೀವು ತೋಟದಿಂದ ಬರುವುದು ಮಧ್ಯಾಹ್ನವಾಗುತ್ತದೆಂದು ಬರೆದಿಟ್ಟು ಹೊರಟಿದ್ದೇನೆ. ರೊಟ್ಟಿ ಬಟ್ಟೆಯಲ್ಲಿ ಸುತ್ತಿದೆ. ಮೊದಲು ಗುಳಿಗೆ, ಆಮೇಲೆ ಊಟ.

ಮೊನ್ನೆ ನಾಸಿಕದ ದವಾಖಾನೆಯಲ್ಲಿ ನಿಮ್ಮ ಜೊತೆ ನನ್ನ ರಕ್ತವನ್ನೂ ಸಂಶೋಧನೆಗೆಂದು ತೆಗೆದರಲ್ಲ, ನಿನ್ನೆ ಸಂಜೆ ಅಲ್ಲಿರುವ ನಮ್ಮ ಗುಲ್ಬರ್ಗಾ ಕಡೆಯ ಡಾಕ್ಟರು ಫೋನು ಮಾಡಿದರು. ಸಕ್ಕರೆ ಕಾಯಿಲೆ ನನಗೂ ಇದೆಯಂತೆ! ರಾತ್ರಿ ನಿಮಗೆ ಹೇಳಲು ನಾಲಿಗೆ ಏಳಲಿಲ್ಲ.

"ನಾ ಕಡ್ಡಿ ಇದ್ದಂಗ ಇದ್ದೀನ್ರಿ, ನನಗ್ಹೆಂಗ?" ಎಂದೆ.

"ಕಡ್ಡಿಗೂ ಬರ್ತದವ್ವಾ. ಇನ್ಸುಲಿನ್ ಬೇಕಾದಷ್ಟದ, ಮೈ ಅದರ ಮಾತು ಕೇಳವಲ್ದು. ಕೇಳೂಹಂಗ ಮಾಡೂ ಪ್ರೋಟೀನು ನಿನ್ನ ರಕ್ತದಾಗ ಭಾಳ ಕಮ್ಮಿ ಅದ."

ಪ್ರತಿ ಸೋಮವಾರ ನೈವೇದ್ಯದ ಶಿರಾ ನಿಮಗೆ ಮುಟ್ಟಗೊಡದೆ, ಪ್ರಸಾದ ಚೆಲ್ಲಬಾರದೆಂದು ನಿಮ್ಮ ಪಾಲನ್ನೂ ನಾನೇ ತಿಂದೆ. ನಿಮ್ಮನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ರಕ್ತ ಕೊಡಬೇಕು, ಅದಕ್ಕೇ ಬೆಳಗಿನ ಜೀಪು ಹಿಡಿಯುತ್ತಿದ್ದೇನೆ. ಅತ್ತೆಯವರಿಗೆ ನೀವೇ ಹೇಳಿ, ನನ್ನಿಂದಾಗದು.

ಬಾಯಿ ಕಟ್ಟುವುದಿಲ್ಲವೆಂದು ಇಷ್ಟು ವರ್ಷ ನಿಮ್ಮನ್ನು ಬೈದಿದ್ದೇನೆ. ಅದೆಲ್ಲ ತಿರುಗಿ ಕೊಡುವುದು ನಿಮಗೆ ಬಾಕಿ ಇದೆ, ಗೊತ್ತು. ಕೊಡಿ, ಆದರೆ ಇವತ್ತು ಬೇಡ.

ಭುವನೇಶ್ವರಿ