ಸಂತೆಯಲ್ಲಿ ಸಿಕ್ಕ ಹಕ್ಕಿಗಳು

ಮಾರ್ಚ್ 3, ಸಂಜೆ

ಮತ್ತೆ ಕೈಕೊಟ್ಟಿತು. ಈ ಲೋಹಾ ಪಟ್ಟಣದಲ್ಲಿ ಇಡೀ ದಿನ ಕರೆಂಟು ಬರುವುದು, ಹೋಗುವುದು — ಲೆಕ್ಕ ಅರ್ಧವಾಗುವಷ್ಟರಲ್ಲಿ ಕಂಪ್ಯೂಟರ್ ಮಲಗಿಬಿಡುತ್ತದೆ. ಥೂ! ಕೆಂಗೊರಳಿನ ಕಿಂದೆ ಎಲ್ಲೆಲ್ಲಿ ಸಿಕ್ಕಿದೆ ಎಂಬ ನಕ್ಷೆಯ ಚುಕ್ಕಿಗಳನ್ನು, ಬಿಸಿಲು-ಮಳೆಯ ಅಂಕಿಗಳನ್ನು ಕೊಟ್ಟಿದ್ದೇನೆ. 2070ರಲ್ಲಿ ಆ ಹೆಬ್ಬೆರಳುದ್ದದ ಹಮ್ಮಿಂಗ್‌ಬರ್ಡ್ ಎಲ್ಲಿ ಬದುಕಬಲ್ಲದು ಎಂದು ಮಾಡೆಲ್ ಹೇಳಬೇಕು. ಹೇಳಿದರೆ ತಾನೆ!

ಮಾರ್ಚ್ 5

ಬಂತು! ನಕ್ಷೆಯಲ್ಲಿ ಸಾನ್ ರೋಕೆ ಬೆಟ್ಟ ಇಂದೂ ಹಸಿರು, 2070ರಲ್ಲೂ ಹಸಿರು — ಹಸಿರೆಂದರೆ ಕಿಂದೆ ಬದುಕಬಲ್ಲ ಜಾಗ. ಬಾಸ್ ಎಫ್ರೈನ್ ಕುಣಿದಾಡಿದರು.

"ನೋಡಮ್ಮ ನೀವೆಸ್, ಇದನ್ನ ಕಳಿಸಿದ್ರೆ ಕಾಡು ಉಳಿಸೋ ಸಂಸ್ಥೆಯವ್ರು ಬೆಟ್ಟ ಕೊಂಡೇ ಕೊಳ್ತಾರೆ."

ಅವರು ಕೊಳ್ಳದಿದ್ದರೆ ಆಲೂಗಡ್ಡೆ ಕಂಪನಿ ಕೊಳ್ಳುತ್ತದೆ. ಮಳೆ ನಿಂತೊಡನೆ ಕಾಡಿಗೆ ಬೆಂಕಿ.

ಆದರೂ... ಬೆಟ್ಟದ ತಣ್ಣನೆಯ ನೆತ್ತಿಯಲ್ಲಿರುವ ಹಕ್ಕಿ ಇಷ್ಟು ಸೆಖೆ ತಡೆಯುವುದೇ? ಮ್ಯೂಸಿಯಂನಲ್ಲಿರುವ ಹಳೆಯ ಒಣಹಕ್ಕಿಗಳ ಚೀಟಿಯಿಂದ ತೆಗೆದ ಚುಕ್ಕಿಗಳೆಲ್ಲ ಕೆಳಗಿನ ಬಿಸಿಲೂರು ಪಾಲ್ಮಿರಾದಲ್ಲೇ ರಾಶಿ ಬಿದ್ದಿವೆ.

ಮಾರ್ಚ್ 6

ಅಮ್ಮನಿಗೆ ಫೋನ್ ಮಾಡಿದೆ. ಪಾಲ್ಮಿರಾ ಅವಳ ತವರು.

"ಕಿಂದೆನಾ? ನಮ್ಮೂರ ಸೆಖೇಲಿ? ತಲೆ ಕೆಟ್ಟಿದೆಯೇನೇ ನಿಂಗೆ!"

"ಮ್ಯೂಸಿಯಂನಲ್ಲಿ ಪಾಲ್ಮಿರಾ ಅಂತಾನೇ ಬರೆದಿದೆಯಲ್ಲಮ್ಮ."

ನಕ್ಕಿದ್ದೇ ನಕ್ಕಿದ್ದು. "ಅಯ್ಯೋ, ಭಾನುವಾರದ ಸಂತೇಲಿ ಮಾರ್ತಿದ್ರು ಕಣೇ! ಬೆಟ್ಟದಲ್ಲಿ ಹಿಡ್ದು, ಒಣಗಿಸಿ, ಕೆಂಪು ದಾರ ಸುತ್ತಿ. ರವಿಕೆಯೊಳಗೆ ಇಟ್ಕೊಂಡ್ರೆ ಮೆಚ್ಚಿದ ಗಂಡು ಹಿಂದೆ ಬರ್ತಾನೆ ಅಂತ. ನಿಮ್ ದೊಡ್ಡಮ್ಮ ಎರಡು ತಗೊಂಡಿದ್ಲು. ಹಿಂದೆ ಬಂದಿದ್ದು ಬೀದಿನಾಯಿ."

ನನಗೂ ನಗು ಬಂತು. ಮರುಗಳಿಗೆಯೇ ಹೊಳೆಯಿತು. ಮ್ಯೂಸಿಯಂಗೆ ಹಕ್ಕಿ ಸಂಗ್ರಹಿಸಿದ ಮಹಾಶಯರು ಬೆಟ್ಟವನ್ನೇ ಹತ್ತಿಲ್ಲ! ಸಂತೆಯಲ್ಲಿ ಕೊಂಡು, ಸಂತೆಯ ಊರು ಬರೆದು, ಮನೆಗೆ ಹೋಗಿದ್ದಾರೆ. ಅದನ್ನು ನಂಬಿ ನನ್ನ ಮಾಡೆಲ್, ಈ ಹಕ್ಕಿಗೆ ಸೆಖೆ ಒಗ್ಗುತ್ತದೆ ಎನ್ನುತ್ತಿದೆ.

ಮಾರ್ಚ್ 7

ಸಂತೆಯ ಚುಕ್ಕಿಗಳನ್ನು ತೆಗೆದು ಮತ್ತೆ ಓಡಿಸಿದೆ. ಇಂದು — ಬೆಟ್ಟದ ನೆತ್ತಿ ಮಾತ್ರ ಹಸಿರು. 2070 — ಬರೀ ಬಿಳಿ. ಸೆಖೆ ತಾಳದ ಹಕ್ಕಿ ಇನ್ನೂ ಮೇಲೆ ಹೋಗೋಣವೆಂದರೆ ಬೆಟ್ಟವೇ ಮುಗಿದಿದೆ.

"ನಿಮ್ಮಮ್ಮನ ಮಾತು ಕೇಳಿ ನಕ್ಷೆ ಬದಲಾಯಿಸ್ತೀಯಾ?" ಎಂದರು ಎಫ್ರೈನ್.

"ಸರ್, ಆ ನಕ್ಷೆ ಸುಳ್ಳು."

"ಹಕ್ಕಿ ನಿಜ ತಾನೆ?"

ಬಾಗಿಲು ದಢಾರನೆ ಹಾಕಿಕೊಂಡರು. ನಿಜವಾದದ್ದನ್ನೇ ಕಳಿಸಿದೆ.

ಮಾರ್ಚ್ 19

ಸಂಸ್ಥೆಯ ಉತ್ತರ ಬಂತು. ಉಳಿಯದ ಹಕ್ಕಿಗಾಗಿ ಬೆಟ್ಟ ಕೊಳ್ಳಲಾಗದಂತೆ. ಹಕ್ಕಿಗೆ ಭವಿಷ್ಯವಿದೆ ಎಂದು ತೋರಿಸುವ ಬೇರೆ ನಕ್ಷೆಯಿದ್ದರೆ ಸೋಮವಾರದೊಳಗೆ ಕಳಿಸಬೇಕಂತೆ.

ಮೂರ್ಖರು! 2070ಕ್ಕೆ ಸಾಯುತ್ತದೆ ಎಂದರೆ ಈ ವರ್ಷವೇ ಸುಟ್ಟುಬಿಡಿ ಎಂದರ್ಥವೇ? ಎಫ್ರೈನ್ ಪತ್ರ ಓದಿ ನನ್ನ ಮೇಜಿನ ಮೇಲಿಟ್ಟು ಹೋದರು. ಏನಾದರೂ ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ.

ಮಾರ್ಚ್ 22, ಭಾನುವಾರ

ಸಾನ್ ರೋಕೆ ಹತ್ತಿ ಬಂದೆ. ನೆತ್ತಿಯಲ್ಲಿ ಕಿತ್ತಳೆ ಹೂವಿನ ಪೊದೆ, ಅದರೊಳಗೆ ಗೂಡು. ತಾಯಿ ಬಂದಾಗಲೆಲ್ಲ ಎರಡು ಮರಿಗಳೂ ಬಾಯಿ ಕಳೆಯುತ್ತವೆ. ಸ್ವಲ್ಪ ಕೆಳಗೆ ಆಲೂಗಡ್ಡೆಯವರು ಆಗಲೇ ಗೂಟ ನೆಟ್ಟು ಅಳತೆ ಹಾಕಿದ್ದಾರೆ. ಗೂಟದಿಂದ ಗೂಟಕ್ಕೆ ಕೆಂಪು ದಾರ.

ಮಾರ್ಚ್ 23, ಸೋಮವಾರ, ಬೆಳಿಗ್ಗೆ

ಎರಡು ನಕ್ಷೆಗಳೂ ಎದುರಿಗಿವೆ. ಕಾಫಿ ಆರಿ ತಣ್ಣಗಾಗಿದೆ. ಹಸಿರು ನಕ್ಷೆಯನ್ನು ಮೇಲ್‌ಗೆ ಸೇರಿಸಿದೆ. ತೆಗೆದೆ. ಮತ್ತೆ ಸೇರಿಸಿದೆ. ಕೆಳಗೆ ನನ್ನ ಹೆಸರಿನ ಒಂದೇ ಸಾಲು ಬಾಕಿ, ಎರಡಕ್ಷರ ಒತ್ತಿದ್ದೇನೆ —

ಈ ನಕ್ಷೆ ಸರಿಯಾಗಿದೆಯೆಂದು ದೃಢೀಕರಿಸುವವರು: ನೀವೆ