ಒಂದನೆಯ ನಂಬರಿನ ಕಾಗದ

ಮಾರ್ಚ್ 4, ಬೆಳಗ್ಗೆ 7.10

ಪತ್ರಿಕೆಯ ಮೊದಲ ಪುಟದಲ್ಲಿ ಆರು ತಪ್ಪು. ನಿನ್ನೆ ನಾಲ್ಕಿತ್ತು. ಕೆಂಪು ಪೆನ್ಸಿಲ್ ಮೊಂಡಾಗಿದೆ, ಹೆರೆಯಬೇಕು.

ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ದರು. ಇಪ್ಪತ್ತೆರಡಕ್ಕೆ ವಾರ್ಷಿಕ ಸಭೆ. ತೀರಿಹೋದ ಸದಸ್ಯರ ನೆನಪಿಗೆ ಮನೆಯವರೇ ಏನಾದರೂ ಓದಬೇಕಂತೆ. "ನಿಮ್ಮ ತಂದೆಯವರ ಕಾಗದ ಕ್ಲಾಸಲ್ಲಿ ಓದ್ತಿದ್ರಲ್ಲ ಟೀಚರ್, ಅದನ್ನೇ ಓದಿ. ನನ್ನ ಮಗಳು ಇನ್ನೂ ಬಾಯಿಪಾಠ ಹೇಳ್ತಾಳೆ." ಒಪ್ಪಿದೆ. ಐದು ನಿಮಿಷ ಎಂದರು. ನಾಲ್ಕೂವರೆಯಲ್ಲಿ ಮುಗಿಸುತ್ತೇನೆ ಎಂದೆ.

ಅಪ್ಪ ಹೋಗಿ ಎರಡು ವರ್ಷ. ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸ — ಹೆಗಲ ಮೇಲೆ ತಂತಿಯ ಸುರುಳಿ, ಒಂದು ಠಾಣೆಯಿಂದ ಇನ್ನೊಂದಕ್ಕೆ ನಡಿಗೆ. ಗಡಿಯ ಬೆಟ್ಟಗಳಿಂದ ನನಗೆ ಬರೆದ ಕಾಗದಗಳು ಫೈಲಿನಲ್ಲಿವೆ, ನಂಬರು ಹಾಕಿ. 2ರಿಂದ 24. ಒಂದನೆಯದು ಕಳೆದುಹೋಗಿದೆ. ನನ್ನ ಕೈಯಿಂದ ಕಳೆದುಹೋದ ಒಂದೇ ವಸ್ತು.

ಮಾರ್ಚ್ 5, ಮಧ್ಯಾಹ್ನ

9ನೆಯದನ್ನೇ ಓದುವುದು. ಮೂವತ್ತೊಂದು ವರ್ಷ ಪತ್ರಲೇಖನದ ಪಾಠಕ್ಕೆ ಅದೇ ಮಾದರಿ. "ನಾನು ನಡೆದಷ್ಟು ದೂರ ಮಾತೂ ನಡೆಯುತ್ತದೆ ಮಗಳೇ. ಬೆನ್ನ ಹಿಂದೆ ತಂತಿ, ತಂತಿಯೊಳಗೆ ಯಾರದೋ ದನಿ, ಮುಂದೆ ಬರಿಯ ಹಿಮ." ಕಪ್ಪುಹಲಗೆಯ ಮೇಲೆ ಬರೆದು, ವಾಕ್ಯವೆಂದರೆ ಹೀಗಿರಬೇಕು ಎನ್ನುತ್ತಿದ್ದೆ.

ಅಪ್ಪನೊಡನೆ ತಂತಿ ಹೊತ್ತವರಲ್ಲಿ ಉಳಿದಿರುವವರು ಒಬ್ಬರೇ — ಮೀಸೆ ಮಾಮ. ಮೀಸೆ ಬೋಳಿಸಿ ಎಷ್ಟೋ ವರ್ಷವಾಯಿತು, ಹೆಸರು ಹೋಗಿಲ್ಲ. ಅವರಿಗೆ ಒಮ್ಮೆ ಓದಿ ಹೇಳಬೇಕು. ವಿವರ ತಪ್ಪಾಗಬಾರದು.

ಮಾರ್ಚ್ 8, ಸಂಜೆ 5

ಹೋಗಿ ಬಂದೆ. ಬರೆಯಲೋ ಬೇಡವೋ.

ಮಾಮನ ಮಗಳ ಮನೆ, ಮೂರನೆಯ ಮಹಡಿ. ಕಿಟಕಿ ಬದಿಯ ಕುರ್ಚಿ, ಮೊಣಕಾಲ ಮೇಲೆ ಬಿಸಿನೀರಿನ ಚೀಲ. 9ನೆಯದನ್ನು ಓದತೊಡಗಿದೆ. ಎರಡನೆಯ ಸಾಲಿಗೆ ಬರುವಾಗ ಮಾಮನ ತುಟಿಯೂ ಅಲುಗುತ್ತಿತ್ತು. ನನಗಿಂತ ಒಂದು ಪದ ಮುಂದೆ.

"ನಿಮಗೆ ಹೇಗೆ ಬಾಯಿಗೆ ಬರುತ್ತೆ ಮಾಮ?"

"ಬಾಯಿಗೆ ಬರ್ದೇ ಇರುತ್ತಾ ಅಮ್ಮ, ಬರೆದೋನು ನಾನೇ ಅಲ್ವಾ."

ತಮಾಷೆ ಎಂದುಕೊಂಡೆ. ಅವರು ನಗಲಿಲ್ಲ.

"ನಿಮ್ಮಪ್ಪ ಹೇಳೋನು, ನಾನು ಬರೆಯೋನು. ಮೊದಲ್ನೇದು ಮಾತ್ರ ಅವನೇ ಬರೆದಿದ್ದ. ನೀನು ಅದನ್ನ ಕೆಂಪು ಶಾಯೀಲಿ ತಿದ್ದಿ, ಮಾರ್ಕ್ಸ್ ಹಾಕಿ ವಾಪಸ್ ಕಳಿಸ್ದೆ. ಹತ್ತಕ್ಕೆ ಮೂರು. ಇಡೀ ಬ್ಯಾರಕ್ ನೋಡ್ತು."

"ನಾನು ಹಾಗೆಲ್ಲ ಮಾಡೋಳಲ್ಲ."

"ಹೌದಾ? ಈಗ ಬರುವಾಗ ಬಾಗಿಲ ಬೋರ್ಡಲ್ಲಿ ತಪ್ಪಿದೆ ಅಂತ ನಮ್ಮ ಅಳಿಯಂಗೆ ಹೇಳಿದ್ದು ಯಾರು?"

ನಾನೇ.

ಅಪ್ಪನಿಗೆ ಬೇಜಾರಾಯಿತೇ ಎಂದು ಕೇಳಿದೆ.

"ಬೇಜಾರಾ? ಬಿದ್ದು ಬಿದ್ದು ನಕ್ಕ. ನನ್ನ ಮಗಳು ಕರ್ನಲ್‌ಗಿಂತ ಜೋರು ಅಂದ."

ಚಹಾ ಕುಡಿದು ಏಳುವಾಗ, ನಾನು ಕೇಳದೆಯೇ — "ಕಾಗದ ವಾಪಸ್ ಬಂದ ದಿನ ಅವನು ಊಟಕ್ಕೆ ಬರ್ಲಿಲ್ಲ ಕಣಮ್ಮ."

ಎರಡರಲ್ಲಿ ಯಾವುದು ನಿಜ? ನಿಂತೇ ಇನ್ನೊಂದು ಕೇಳಿದೆ. ಮಾತು ನಡೆಯುತ್ತದೆ ಎಂಬ ಆ ಸಾಲು ಅಪ್ಪನದೋ, ನಿಮ್ಮದೋ?

ಮೊಣಕಾಲ ಮೇಲಿನ ಚೀಲವನ್ನು ಮುಟ್ಟಿ ನೋಡಿದರು. "ಅವಂದೇ ಇರ್ಬೇಕು. ನಂದೂ ಇರ್ಬೋದು... ಈ ಚೀಲ ತಣ್ಣಗಾಯ್ತು, ನನ್ನ ಮಗಳನ್ನ ಸ್ವಲ್ಪ ಕರಿ."

ಮಾರ್ಚ್ 9, ಬೆಳಗ್ಗೆ

ಮಾಮನಿಗೆ ಮರೆವು. ಅಷ್ಟೇ.

ಆಗ ನನಗೆ ಹತ್ತೊಂಬತ್ತು. ಶಿಕ್ಷಕರ ತರಬೇತಿ. ತಿದ್ದುವುದನ್ನು ಆಗಷ್ಟೇ ಕಲಿತಿದ್ದೆ, ಕೈಗೆ ಸಿಕ್ಕಿದ್ದನ್ನೆಲ್ಲ ತಿದ್ದುತ್ತಿದ್ದೆ — ಮದುವೆಯ ಕರೆಯೋಲೆ, ಬಸ್ಸಿನ ವೇಳಾಪಟ್ಟಿ. ಅಪ್ಪನ ಕಾಗದ? ನೆನಪಿಲ್ಲ. ನೆನಪಿರುವುದು ಬೇರೆ. 2ನೆಯ ಕಾಗದ ಬಂದಾಗ, ಅಪ್ಪನ ಅಕ್ಷರ ಎಷ್ಟು ಸುಧಾರಿಸಿದೆ ನೋಡು ಎಂದು ಅಮ್ಮನಿಗೆ ತೋರಿಸಿದ್ದೆ.

ಯಾವುದಕ್ಕಿಂತ ಸುಧಾರಿಸಿದೆ?

ನಿವೃತ್ತರಾಗಿ ಬಂದ ಮೇಲೆ ಅಪ್ಪ ಒಂದು ಸಾಲು ಬರೆದದ್ದನ್ನು ನಾನು ಕಂಡಿಲ್ಲ. ಯಾವ ಅರ್ಜಿಯಾದರೂ ನನ್ನ ಮುಂದೆ ತಳ್ಳುತ್ತಿದ್ದರು. "ಮನೇಲಿ ಟೀಚರ್ ಇರುವಾಗ ನಾನ್ಯಾಕೆ?" ಹೊಗಳಿಕೆ ಎಂದುಕೊಂಡಿದ್ದೆ. ಹೊಗಳಿಕೆಯೇ ಇರಬಹುದು.

ಮಾರ್ಚ್ 15

ಆರು ದಿನದಿಂದ ಪತ್ರಿಕೆ ತಿದ್ದಿಲ್ಲ.

ಕಾರ್ಯದರ್ಶಿಯ ಫೋನ್. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಬೇಕಂತೆ. "ತಂದೆ ಬರೆದ ಕಾಗದ, ಮಗಳ ದನಿಯಲ್ಲಿ ಅಂತ ಹಾಕ್ಲಾ ಟೀಚರ್?" ಹೂಂ ಎಂದೆನೋ, ನೋಡೋಣ ಎಂದೆನೋ... ಫೋನ್ ಇಟ್ಟ ಮೇಲೆ ಏನು ಹೇಳಿದೆ ಎಂಬುದೇ ತಿಳಿಯದು. ಸಭೆಯಲ್ಲಿ ನಿಂತು ಯಾರ ಮಾತನ್ನು ಯಾರದೆಂದು ಓದಲಿ?

ಮಾರ್ಚ್ 19, ಮಧ್ಯಾಹ್ನ 3

ತಮ್ಮನ ಕನ್ನಡಕದ ಅಂಗಡಿಗೆ ಹೋಗಿದ್ದೆ. ಅಪ್ಪನ ಮಿಲಿಟರಿ ಟ್ರಂಕ್ ಅಲ್ಲಿದೆ, ಕನ್ನಡಿಯ ಎದುರು, ಮೇಲೊಂದು ದಿಂಬು ಹಾಸಿ.

"ಅಪ್ಪನ ಟ್ರಂಕ್ ಮೇಲೆ ಗಿರಾಕಿಗಳನ್ನ ಕೂರಿಸ್ತೀಯಲ್ಲೋ."

"ಅಪ್ಪನೂ ಅಲ್ಲೇ ಕೂರ್ತಿದ್ರು. ಟ್ರಂಕ್‌ಗೆ ಬೇಜಾರಿಲ್ಲ ಅಕ್ಕ, ನಿಂಗೇ."

ಬೀಗದ ಕೈ ಇಲ್ಲ. ಕನ್ನಡಕದ ತಿರುಪು ಬಿಗಿಯುವ ಸಣ್ಣ ಸ್ಕ್ರೂಡ್ರೈವರಿನಿಂದ ಕಾಲು ಗಂಟೆ ಕೆದಕಿ ತೆಗೆದ. ಉಣ್ಣೆಯ ಟೋಪಿ. ತಂತಿ ಕತ್ತರಿಸುವ ಇಕ್ಕಳ. ಹಸಿರು ರಟ್ಟಿನ ಪುಟ್ಟ ನೋಟುಪುಸ್ತಕ. ಅದರೊಳಗೆ ನಾಲ್ಕು ಮಡಿಕೆಯ ಒಂದು ಕಾಗದ.

ಒಂದನೆಯ ನಂಬರು. ನಾನೇ ಹಾಕಿದ ನಂಬರು.

ಕಾಗದದ ತುಂಬ ನನ್ನ ಕೆಂಪು. 3/10, ಕೆಳಗೆ ಎರಡು ಗೆರೆ. ಒಂದು ಸಾಲನ್ನು ಪೂರ್ತಿ ಹೊಡೆದುಹಾಕಿದ್ದೇನೆ — "ನಾನು ನಡದಸ್ಟು ದೂರ ಮಾತು ನಡಿತದೆ." ಪಕ್ಕದಲ್ಲಿ, ದುಂಡಗೆ: "ಅರ್ಥವಿಲ್ಲ. ಮಾತಿಗೆ ಕಾಲಿಲ್ಲ." ಕೊನೆಯಲ್ಲಿ: "ತಿದ್ದಿ ಐದು ಸಲ ಬರೆಯಿರಿ."

ನೋಟುಪುಸ್ತಕ ತೆರೆದೆ. ಬರೆದಿದ್ದಾರೆ. ಅದೇ ಕಾಗದ, ಪೆನ್ಸಿಲಿನಲ್ಲಿ, ಐದು ಸಲ. ಪ್ರತಿಯೊಂದಕ್ಕೂ ತಾರೀಖು. ತಿದ್ದಿದ್ದನ್ನೆಲ್ಲ ತಿದ್ದಿಕೊಂಡಿದ್ದಾರೆ. ನಾನು ಹೊಡೆದುಹಾಕಿದ ಸಾಲು ಮಾತ್ರ ಐದರಲ್ಲೂ ಇದೆ. ಇದ್ದಂತೆಯೇ.

ತಮ್ಮ ಹೆಗಲ ಮೇಲಿಂದ ನೋಡುತ್ತಿದ್ದ. "ಹೋಂವರ್ಕ್ ಮಾಡಿದ್ದಾರಲ್ಲ ಅಕ್ಕ. ನೀನು ನೋಡೇ ಇಲ್ಲ."

ಆಮೇಲೆ ಅವನು ಒಂದೇ ಗಾಜನ್ನು ಬಹಳ ಹೊತ್ತು ಒರೆಸಿದ.

ಮಾರ್ಚ್ 21

ಸಿಟ್ಟಿನಿಂದ ಬರೆದರೋ? ನಗುತ್ತ ಬರೆದರೋ? ಆಜ್ಞೆ ಎಂದುಕೊಂಡರೋ? ಬರೆದವರು ಕಳಿಸಲಿಲ್ಲವೇಕೆ? ಐದನೆಯ ಪ್ರತಿಯ ಮರುದಿನದ ತಾರೀಖು 2ನೆಯ ಕಾಗದಕ್ಕಿದೆ. ಅದು ಮಾಮನ ಕೈ. ಏಳು ಕಾಗದ ಸುಮ್ಮನಿದ್ದು, 9ನೆಯದರಲ್ಲಿ ಅಪ್ಪ ಆ ಸಾಲನ್ನು ಮತ್ತೆ ಕಳಿಸಿದ್ದಾರೆ. ಅಂದವಾದ ಅಕ್ಷರದಲ್ಲಿ ಬಂತು, ನಾನು ತಲೆಯ ಮೇಲೆ ಹೊತ್ತುಕೊಂಡೆ.

ತರಗತಿಯಲ್ಲಿ ಅದನ್ನು ಓದುತ್ತೇನೆ ಎಂದು ಅಪ್ಪನಿಗೆ ಗೊತ್ತಿತ್ತು. ಒಮ್ಮೆ ಕೇಳಿದ್ದರು ಕೂಡ — "ಮಕ್ಕಳಿಗೆ ಅರ್ಥ ಆಗುತ್ತಾ?" ಆಗುತ್ತೆ ಎಂದಿದ್ದೆ. ತಲೆಯಾಡಿಸಿದ್ದರು. ಆ ತಲೆಯಾಟ ಎಂಥದು, ಈಗ ಎಷ್ಟು ನೆನೆದರೂ ತಿಳಿಯುತ್ತಿಲ್ಲ.

ಮಾರ್ಚ್ 22, ಬೆಳಗ್ಗೆ 9.20

ಒಂದನೆಯದನ್ನೇ ಓದಬೇಕು. ಅವರು ಬರೆದಂತೆ. ತೀರ್ಮಾನವಾಗಿದೆ.

ಗಟ್ಟಿಯಾಗಿ ಓದಿ ನೋಡಿದೆ. ಆಗುತ್ತಿಲ್ಲ. ಬಾಯಿ ತಾನಾಗಿ ತಿದ್ದುತ್ತದೆ. ಮೂರು ಸಲ ಓದಿದೆ, ಮೂರು ಸಲವೂ ಅದು ನನ್ನ ವಾಕ್ಯವಾಗಿ ಹೊರಬಂತು.

9.45

ಬಾಯಿಗೆ ಬಾರದಿದ್ದರೆ ಮೊದಲು ಕೈಗೆ ಬರಲಿ. ಕೆಂಪು ಪೆನ್ಸಿಲನ್ನು ಅಡುಗೆಮನೆಯಲ್ಲಿಟ್ಟು ಬಂದಿದ್ದೇನೆ. ಐದು ಸಲ, ತಿದ್ದದೆ.

ಮಗಳೆ ಚನಾಗಿದಿಯ. ನಾನು ನಡೆದ ~~

ಮಗಳೆ ಚನಾಗಿದಿಯ. ನಾನು ನಡದಷ್ಟು ~~

ಮಗಳೆ ಚನಾಗಿದಿಯ. ನಾನು ನಡದಸ್ಟು ದೂರ ಮಾತು ನಡೆಯು ~~

ಮಗಳೆ ಚನಾಗಿದಿಯ. ನಾನು ನಡದಸ್ಟು ದೂರ ಮಾತು ನಡಿತದೆ.

ತಮ್ಮ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ. ಇನ್ನೊಂದಿದೆ.

ಮಗಳೆ ಚನಾಗಿದಿಯ. ನಾನು ನಡದಸ್ಟು ದೂರ